ಕುದುರೆಮುಖದ ಕಬ್ಬಿಣವೂ ಕಾರ್ಲ್ಸ್‌ಬರ್ಗಿನ ಬುಗ್ಗೆಯೂ

2025ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಅರಬ್ಬಿ ಸಮುದ್ರ ಮತ್ತು ವಾಯವ್ಯ ಹಿಂದೂ ಮಹಾಸಾಗರದ ತಳದಲ್ಲಿ ಕಾರ್ಲ್ಸ್‌ಬರ್ಗ್ ಎಂಬ ಬೆಟ್ಟಸಾಲು ಇದೆ. ಅಲ್ಲಿ 10,000 ಚದರ ಕಿಲೋಮೀಟರ್ ಜಾಗದಲ್ಲಿ ಲೋಹದ ಸಲ್ಫೈಡ್ ಅದಿರು ಹುಡುಕುವ ಹಕ್ಕು ಭಾರತಕ್ಕೆ ಸಿಕ್ಕಿತು. ಕೊಟ್ಟದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ. ಇಂಥದ್ದೇ ಇನ್ನೊಂದು ಗುತ್ತಿಗೆ 2016ರಲ್ಲೇ ಆಗಿತ್ತು. ಅದೂ 10,000 ಚದರ ಕಿಲೋಮೀಟರ್, ಹಿಂದೂ ಮಹಾಸಾಗರದ ನಡುವಿನ ಮತ್ತು ನೈರುತ್ಯದ ಬೆಟ್ಟಸಾಲುಗಳಲ್ಲಿ. ಸಲ್ಫೈಡ್ ಅದಿರಿಗೆ ಹೀಗೆ ಎರಡು ಗುತ್ತಿಗೆ ಹಿಡಿದ ಮೊದಲ ದೇಶ ನಮ್ಮದು. ಇಡೀ ಚಿಕ್ಕಮಗಳೂರು ಜಿಲ್ಲೆಯ ವಿಸ್ತೀರ್ಣ 7,201 ಚದರ ಕಿಲೋಮೀಟರ್. ಅಂದರೆ ಒಂದೊಂದು ಗುತ್ತಿಗೆಯೂ ನಮ್ಮ ಜಿಲ್ಲೆಗಿಂತ ದೊಡ್ಡದು.

ಈ ಸುದ್ದಿ ಬಂದಾಗ ಮೂಡಿಗೆರೆ ಕಡೆಯ ಪರಿಚಯದ ಕಾಫಿ ಬೆಳೆಗಾರರೊಬ್ಬರು ಕೇಳಿದರು: "ಅಲ್ಲ ಮಾರಾಯ್ರೇ, ಅಲ್ಲಿ ಯಾರ ತೋಟ ಹೋಗುತ್ತೆ? ಯಾರ ಮನೆ ಮುಳುಗುತ್ತೆ? ಮೂರು ಕಿಲೋಮೀಟರ್ ನೀರಿನ ಕೆಳಗೆ ಅಗೆದರೆ ಯಾರಿಗೆ ತೊಂದರೆ?"

ಪ್ರಶ್ನೆ ನ್ಯಾಯವಾದದ್ದೇ. ಕುದುರೆಮುಖದ ಗಣಿ ನೋಡಿದ ಊರಿನವರು ಕೇಳುವ ಪ್ರಶ್ನೆ ಅದು. ಉತ್ತರ ಮಾತ್ರ ಒಂದೇ ಸಾಲಿನದ್ದಲ್ಲ. ಅಲ್ಲಿ ಯಾರಿದ್ದಾರೆ, ಹೇಗೆ ಬದುಕುತ್ತಾರೆ ಅನ್ನುವುದರಿಂದಲೇ ಶುರು ಮಾಡಬೇಕು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಪತ್ರಿಕೆಗಳಲ್ಲಿ ಆಳಸಮುದ್ರದ ಗಣಿಗಾರಿಕೆ ಅಂತ ಬಂದಾಗ ಎರಡು ಬೇರೆ ಸಂಗತಿಗಳನ್ನು ಕಲಸಿಬಿಡುತ್ತಾರೆ. ಒಂದು, ಮಣ್ಣಿನ ಬಯಲಿನ ಮೇಲೆ ಆಲೂಗಡ್ಡೆ ಗಾತ್ರದಲ್ಲಿ ಬಿದ್ದಿರುವ ಮ್ಯಾಂಗನೀಸ್ ಉಂಡೆಗಳು. ಅದಕ್ಕೂ ಭಾರತಕ್ಕೆ ಗುತ್ತಿಗೆ ಇದೆ, ಹಿಂದೂ ಮಹಾಸಾಗರದ ಮಧ್ಯದಲ್ಲಿ 75,000 ಚದರ ಕಿಲೋಮೀಟರ್. ಇನ್ನೊಂದು ಸಲ್ಫೈಡ್. ಇದು ಬಿಸಿನೀರಿನ ಬುಗ್ಗೆಗಳ ಸುತ್ತ ಗಟ್ಟಿಯಾದ ತಾಮ್ರ, ಸತು, ಚಿನ್ನ, ಬೆಳ್ಳಿ ಇರುವ ಅದಿರು. ಈ ಲೇಖನ ಎರಡನೆಯದರ ಬಗ್ಗೆ.

ಬುಗ್ಗೆ ಹುಟ್ಟುವುದು ಹೀಗೆ. ಸಾಗರತಳದ ಬೆಟ್ಟಸಾಲುಗಳಲ್ಲಿ ಭೂಮಿಯ ಹೊರಪದರ ಎರಡು ಕಡೆಗೂ ನಿಧಾನವಾಗಿ ಸರಿಯುತ್ತಿರುತ್ತದೆ. ಬಿರುಕುಗಳಲ್ಲಿ ತಣ್ಣನೆಯ ಸಮುದ್ರದ ನೀರು ಇಳಿಯುತ್ತದೆ. ಕೆಳಗಿನ ಶಿಲಾಪಾಕದ ಕಾವಿಗೆ 350ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಮೇಲಿನ ನೀರಿನ ಒತ್ತಡ ಎಷ್ಟಿರುತ್ತದೆ ಅಂದರೆ ಅಷ್ಟು ಕಾದರೂ ಕುದಿಯುವುದಿಲ್ಲ. ಆ ನೀರು ಬಂಡೆಯಿಂದ ಕಬ್ಬಿಣ, ತಾಮ್ರ, ಗಂಧಕವನ್ನು ಕರಗಿಸಿಕೊಂಡು ಮೇಲೆ ನುಗ್ಗುತ್ತದೆ. ಎರಡು ಡಿಗ್ರಿಯ ತಣ್ಣೀರು ತಾಗಿದ ಕೂಡಲೇ ಲೋಹಗಳು ಸಲ್ಫೈಡ್ ಪುಡಿಯಾಗಿ ಕಪ್ಪು ಹೊಗೆಯ ಹಾಗೆ ಹರಡುತ್ತವೆ. ಸುತ್ತ ಚಿಮಣಿ ಬೆಳೆಯುತ್ತದೆ. ಗಣಿಯವರಿಗೆ ಬೇಕಾದ ಅದಿರು ಈ ಚಿಮಣಿ ಮತ್ತು ಅದರ ಬುಡದ ದಿಬ್ಬ.

ಇದು ನಮಗೆ ದೂರದ ಕಥೆ ಅನ್ನಿಸಬಹುದು. ಹಾಗೇನಿಲ್ಲ. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಕುದುರೆಮುಖದ ಕಬ್ಬಿಣದ ಅದಿರು ಪಟ್ಟಿ ಪಟ್ಟಿಯಾಗಿರುತ್ತದೆ, ನೋಡಿರಬಹುದು. ಒಂದು ಪಟ್ಟಿ ಕಬ್ಬಿಣ, ಒಂದು ಪಟ್ಟಿ ಬೆಣಚು. ಅವು 250 ಕೋಟಿ ವರ್ಷಕ್ಕಿಂತ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲುಗಳು. ಅಷ್ಟೊಂದು ಕಬ್ಬಿಣ ಆ ಕಾಲದ ಸಮುದ್ರಕ್ಕೆ ಎಲ್ಲಿಂದ ಬಂತು ಅಂದರೆ, ಬಹುಪಾಲು ಇಂಥದ್ದೇ ಬಿಸಿ ಬುಗ್ಗೆಗಳಿಂದ ಅನ್ನುತ್ತಾರೆ ಭೂವಿಜ್ಞಾನಿಗಳು. ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುವುದರಲ್ಲಿ ಬ್ಯಾಕ್ಟೀರಿಯಾಗಳ ಕೈವಾಡವೂ ಇತ್ತು ಎಂಬುದು ಹಲವರ ವಾದ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದಂಥ ಲಾವಾ ಬಂಡೆಗಳಿವೆ. ನೀರಿನಡಿ ಉಕ್ಕಿದ ಲಾವಾಕ್ಕೆ ಬರುವ ಆಕಾರ ಅದು. ಒಟ್ಟಿನಲ್ಲಿ ಈ ಸೀಮೆಯವರು ಹಳೆಯ ಕಡಲತಳವನ್ನು ಒಮ್ಮೆ ಅಗೆದು, ಪೈಪಿನಲ್ಲಿ ಮಂಗಳೂರಿಗೆ ಕಳಿಸಿ, ಹಡಗು ಹತ್ತಿಸಿದ್ದಾಗಿದೆ. ಈಗಿನ ಮಾತು ಬದುಕಿರುವ ಕಡಲತಳದ್ದು.

ಆ ಬದುಕು ಮನುಷ್ಯರ ಕಣ್ಣಿಗೆ ಬಿದ್ದದ್ದೇ ತಡವಾಗಿ. 1977ರ ಫೆಬ್ರುವರಿಯಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳಕ್ಕೆ ಆಲ್ವಿನ್ ಎಂಬ ಪುಟ್ಟ ಜಲಾಂತರ್ನೌಕೆ ಇಳಿಯಿತು. ಹೋದವರು ಭೂವಿಜ್ಞಾನಿಗಳು, ಬಿಸಿನೀರು ಹುಡುಕಿಕೊಂಡು. ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಕತ್ತಲೆಯ ಮರುಭೂಮಿ ಅಂದುಕೊಂಡಿದ್ದ ಕಡೆ ದೊಡ್ಡ ದೊಡ್ಡ ಚಿಪ್ಪಿನ ಪ್ರಾಣಿಗಳು, ಏಡಿಗಳು, ಬಿಳಿ ಕೊಳವೆಗಳಿಂದ ಕೆಂಪು ಗರಿ ಚಾಚಿದ ಹುಳುಗಳು. ಹಿಡಿದ ಪ್ರಾಣಿಗಳನ್ನು ಕೆಡದಂತೆ ಇಡಲು ಹಡಗಿನಲ್ಲಿ ಸಾಕಷ್ಟು ಫಾರ್ಮಲಿನ್ ಕೂಡ ಇರಲಿಲ್ಲ. ಕೆಲವನ್ನು ವೋಡ್ಕಾದಲ್ಲಿ ಹಾಕಿಟ್ಟರು!

ಆ ಕೊಳವೆಹುಳುವಿನ ಹೆಸರು ರಿಫ್ಟಿಯಾ. ಎರಡು ಮೀಟರ್‌ವರೆಗೂ ಬೆಳೆಯುತ್ತದೆ. ಕೊಯ್ದು ನೋಡಿದವರಿಗೆ ತಲೆ ಕೆಟ್ಟಿತು. ಬೆಳೆದ ಹುಳುವಿಗೆ ಬಾಯಿಲ್ಲ. ಹೊಟ್ಟೆ, ಕರುಳೂ ಇಲ್ಲ. ದೇಹದ ತುಂಬ ಕಂದು ಬಣ್ಣದ ಮೆತ್ತನೆಯ ಅಂಗಾಂಶ ಒಂದಿದೆ, ಅಷ್ಟೇ. ಮತ್ತೆ ತಿನ್ನುವುದು ಏನನ್ನ?

ಉತ್ತರ ಸಿಕ್ಕಿದ್ದು ತರಗತಿಯಲ್ಲಿ. ಸ್ಮಿತ್ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್ 1980ರಲ್ಲಿ ಹಾರ್ವರ್ಡ್‌ನಲ್ಲಿ ಈ ಹುಳುವಿನ ಬಗ್ಗೆ ಪಾಠ ಮಾಡುತ್ತಿದ್ದರು. ಆ ಅಂಗಾಂಶದಲ್ಲಿ ಗಂಧಕದ ಹರಳುಗಳು ಸಿಕ್ಕವು ಅಂದರು. ಕಾಲೀನ್ ಕವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು, ಹಾಗಾದರೆ ಒಳಗೆ ಗಂಧಕ ಬಳಸಿ ಬದುಕುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. ಜೋನ್ಸ್ ಮಾದರಿ ಕೊಟ್ಟರು. 1981ರಲ್ಲಿ ಕವನಾ ಅವರ ಪ್ರಬಂಧ ಬಂತು. ಊಹೆ ನಿಜವಾಗಿತ್ತು. ಆ ಅಂಗಾಂಶದ ಒಂದು ಗ್ರಾಂನಲ್ಲಿ ನೂರು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ.

ಬೆಳಕಿಲ್ಲದೆ ಬರೀ ರಾಸಾಯನಿಕ ಶಕ್ತಿಯಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳ ವಿಷಯ ಹೊಸದೇನಲ್ಲ. ರಷ್ಯಾದ ವಿನೊಗ್ರಾಡ್‌ಸ್ಕಿ 1880ರ ದಶಕದಲ್ಲೇ ಇದನ್ನು ಕಂಡಿದ್ದರು. ಎಲೆ ಬಿಸಿಲಿನಿಂದ ಮಾಡುವ ಕೆಲಸವನ್ನು ಇವು ಹೈಡ್ರೋಜನ್ ಸಲ್ಫೈಡ್ ಮತ್ತು ಆಮ್ಲಜನಕ ಸೇರಿದಾಗ ಬರುವ ಶಕ್ತಿಯಿಂದ ಮಾಡುತ್ತವೆ. ಒಂದು ದೊಡ್ಡ ಪ್ರಾಣಿ ತನ್ನ ಇಡೀ ಹೊಟ್ಟೆಪಾಡನ್ನು ಇವಕ್ಕೆ ಒಪ್ಪಿಸಿಬಿಟ್ಟಿದೆ ಅನ್ನುವುದೇ ಹೊಸದು.

ಕಾಫಿ ತೋಟದವರಿಗೆ ಇದರ ಒಂದು ತುಣುಕು ಗೊತ್ತು. ನೆರಳಿಗೆ ನೆಟ್ಟ ಹಾಲವಾಣದ ಬೇರು ಬಿಡಿಸಿ ನೋಡಿದರೆ ಸಣ್ಣ ಗಂಟುಗಳು ಕಾಣುತ್ತವೆ. ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಕೊಡುತ್ತದೆ, ಮರ ಸಕ್ಕರೆ ಕೊಡುತ್ತದೆ. ಆದರೆ ಹಾಲವಾಣಕ್ಕೆ ಎಲೆ ಇದೆ, ಬಿಸಿಲಿದೆ. ಗಂಟಿಲ್ಲದಿದ್ದರೂ ಮಣ್ಣಲ್ಲಿ ಸಾರ ಇದ್ದರೆ ಬದುಕೀತು. ರಿಫ್ಟಿಯಾಗೆ ಬೇರೆ ದಾರಿಯೇ ಇಲ್ಲ.

ಬ್ಯಾಕ್ಟೀರಿಯಾಗೆ ಏನು ಲಾಭ? ಇಲ್ಲೇ ಸ್ವಾರಸ್ಯ ಇರುವುದು. ಈ ಹೈಡ್ರೋಜನ್ ಸಲ್ಫೈಡ್ ಬರುವುದು ಬುಗ್ಗೆಯಿಂದ, ಆಮ್ಲಜನಕ ಇರುವುದು ಸುತ್ತಲಿನ ತಣ್ಣೀರಿನಲ್ಲಿ. ಎರಡೂ ಸೇರಿದರೆ ತಾವಾಗಿಯೇ ಪ್ರತಿಕ್ರಿಯೆ ನಡೆದು ಶಕ್ತಿ ವ್ಯರ್ಥವಾಗುತ್ತದೆ. ಹಾಗಾಗಿ ಒಂಟಿ ಬ್ಯಾಕ್ಟೀರಿಯಾ ಎರಡೂ ಸಿಗುವ ತೆಳ್ಳನೆಯ ಗಡಿಯಲ್ಲಿ ಕಷ್ಟಪಟ್ಟು ಬದುಕಬೇಕು. ಹುಳು ತನ್ನ ಕೆಂಪು ಗರಿಯನ್ನು ಆ ಗಡಿಯಲ್ಲಿ ಚಾಚಿ ಎರಡನ್ನೂ ಎಳೆದುಕೊಳ್ಳುತ್ತದೆ. ಗರಿಯ ಕೆಂಪು ನಮ್ಮ ರಕ್ತದ್ದೇ ಕೆಂಪು, ಹಿಮೋಗ್ಲೋಬಿನ್. ಕೊಳೆತ ಮೊಟ್ಟೆಯ ವಾಸನೆಯ ಈ ಸಲ್ಫೈಡ್ ನಮಗೆ ಸಯನೈಡ್‌ನಂಥ ವಿಷ, ಜೀವಕೋಶದ ಉಸಿರನ್ನೇ ಕಟ್ಟಿಸುತ್ತದೆ. ಹುಳುವಿನ ಹಿಮೋಗ್ಲೋಬಿನ್ ಮಾತ್ರ ಆಮ್ಲಜನಕವನ್ನು ಒಂದು ಕಡೆ, ಸಲ್ಫೈಡನ್ನು ಇನ್ನೊಂದು ಕಡೆ ಹಿಡಿದು, ಒಂದಕ್ಕೊಂದು ತಾಗದಂತೆ ಒಳಗೆ ಒಯ್ಯುತ್ತದೆ. ಬ್ಯಾಕ್ಟೀರಿಯಾ ಕೂತಲ್ಲೇ ಊಟ ಪಡೆದು ಬೆಳೆಯುತ್ತವೆ. ಹಳೆಯವನ್ನು ಹುಳು ಜೀರ್ಣಿಸಿಕೊಳ್ಳುತ್ತದೆ. ಇದನ್ನು ಸ್ನೇಹ ಅಂತ ಕರೆಯಲು ನನಗೆ ಸ್ವಲ್ಪ ಅನುಮಾನ. ಲೆಕ್ಕಾಚಾರದ ಸಹವಾಸ ಅನ್ನಬಹುದು.

ಈ ಸಹವಾಸ ತಾಯಿಯಿಂದ ಮಗುವಿಗೆ ಬರುವುದಿಲ್ಲ ಅನ್ನುವುದು ನಮ್ಮ ಚರ್ಚೆಗೆ ಬಹಳ ಮುಖ್ಯ. ರಿಫ್ಟಿಯಾದ ಮರಿ ಬ್ಯಾಕ್ಟೀರಿಯಾ ಇಲ್ಲದೆ ಹುಟ್ಟುತ್ತದೆ. ನೀರಲ್ಲಿ ತೇಲಿ ಬಂದು ಬುಗ್ಗೆಯ ಬಳಿ ಕೂತ ಮೇಲೆ, ಅಲ್ಲಿಯ ಬ್ಯಾಕ್ಟೀರಿಯಾ ಅದರ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಹುಳು ಸತ್ತಾಗ ಬ್ಯಾಕ್ಟೀರಿಯಾ ಹೊರಬಿದ್ದು ಮತ್ತೆ ನೀರು ಸೇರುತ್ತವೆ, ಮುಂದಿನ ಮರಿಗೆ. ಮೊಟ್ಟೆಯ ಮೂಲಕವೇ ಬ್ಯಾಕ್ಟೀರಿಯಾ ದಾಟಿಸುವ ಕೆಲವು ಕಪ್ಪೆಚಿಪ್ಪಿನ ಜಾತಿಗಳೂ ಇವೆ. ಆದರೆ ಸುತ್ತಲಿನ ನೀರಿನಿಂದಲೇ ಪಡೆಯುವ ಜಾತಿಗಳ ಮಟ್ಟಿಗೆ, ಬುಗ್ಗೆಯ ಸುತ್ತಲಿನ ಕಣ್ಣಿಗೆ ಕಾಣದ ನೀರೂ ಆ ಪ್ರಾಣಿಯ ವಂಶದ ಒಂದು ಭಾಗ.

ರಿಫ್ಟಿಯಾ ಇರುವುದು ಶಾಂತಸಾಗರದಲ್ಲಿ. ನಮ್ಮ ಗುತ್ತಿಗೆಯ ಹಿಂದೂ ಮಹಾಸಾಗರದಲ್ಲಿ ಬೇರೆ ಜನ. 2000ನೇ ಇಸವಿಯಲ್ಲಿ ಜಪಾನಿನವರು ಕೈರೇ ಎಂಬ ಬುಗ್ಗೆಯ ಬಳಿ ಮೊದಲ ಸಲ ಇವನ್ನು ನೋಡಿದರು. ಚಿಮಣಿಗೆ ಮುತ್ತಿಕೊಂಡ ಸೀಗಡಿಗಳು ಸಾವಿರಗಟ್ಟಲೆ. ಈ ರಿಮಿಕಾರಿಸ್ ಕುಲದ ಸೀಗಡಿಗಳು ಕಿವಿರಿನ ಗೂಡನ್ನೇ ಹಿಗ್ಗಿಸಿಕೊಂಡು ಅದರಲ್ಲಿ ಬ್ಯಾಕ್ಟೀರಿಯಾ ಸಾಕುತ್ತವೆ. ಅಟ್ಲಾಂಟಿಕ್‌ನ ಇವುಗಳ ನೆಂಟರಲ್ಲಿ ನೋಡಿದ ಪ್ರಕಾರ ಸುಮಾರು ಹತ್ತು ದಿನಕ್ಕೊಮ್ಮೆ ಪೊರೆ ಬಿಡುತ್ತವೆ. ಆಗ ಸಾಕಿದ್ದೆಲ್ಲ ಪೊರೆಯ ಜೊತೆ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ನೀರಲ್ಲಿ ಆ ಬ್ಯಾಕ್ಟೀರಿಯಾ ಸದಾ ಇರಲೇಬೇಕು ಅಲ್ವಾ?

ಇವರಲ್ಲೆಲ್ಲ ವಿಚಿತ್ರ ಎಂದರೆ ಕಬ್ಬಿಣದ ಚಿಪ್ಪುಗಳ ಬಸವನಹುಳು, ಕ್ರೈಸೊಮಾಲನ್. ಇದರ ಪಾದದ ತುಂಬ ಹೆಂಚು ಹೊದಿಸಿದಂತೆ ಚಿಪ್ಪುಗಳು, ಅವುಗಳ ಮೇಲೆ ಕಬ್ಬಿಣದ ಸಲ್ಫೈಡ್ ಲೇಪ. ಬದುಕಿರುವ ಬೇರಾವ ಪ್ರಾಣಿಯಲ್ಲೂ ಇಂಥ ಕವಚ ಕಂಡಿಲ್ಲ. ಬ್ಯಾಕ್ಟೀರಿಯಾ ಇರುವುದು ಅನ್ನನಾಳದ ಪಕ್ಕದ ಉಬ್ಬಿದ ಗ್ರಂಥಿಯಲ್ಲಿ. ಅವಕ್ಕೆ ಆಮ್ಲಜನಕ ಒದಗಿಸಲೆಂದೇ ಹೃದಯ ದೇಹದ ಗಾತ್ರದ ಶೇ. 4ರಷ್ಟಿದೆ. ನಮ್ಮ ಹೃದಯ ಶೇ. 1ನ್ನೂ ಮುಟ್ಟುವುದಿಲ್ಲ.

ಇದೇ ಜಾತಿಯ ಹುಳು ಸಾಲಿಟೇರ್ ಎಂಬ ಇನ್ನೊಂದು ಬುಗ್ಗೆಯಲ್ಲೂ ಇದೆ. ಅಲ್ಲಿ ಅದು ಬೆಳ್ಳಗಿದೆ. ಕಬ್ಬಿಣದ ಲೇಪವೇ ಇಲ್ಲ. ಯಾಕೆಂದರೆ ಆ ಬುಗ್ಗೆಯ ನೀರಲ್ಲಿ ಕಬ್ಬಿಣ ಕಡಿಮೆ. ಹುಳು ಚಿಪ್ಪಿನ ಮೂಲಕ ಗಂಧಕ ಹೊರಹಾಕುತ್ತದೆ. ನೀರಲ್ಲಿ ಕಬ್ಬಿಣ ಇದ್ದರೆ ಅದರ ಜೊತೆ ಸೇರಿ ಕವಚ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಜಾತಿ ಒಂದೇ, ಮೈ ಬೇರೆ. ಮೈಯನ್ನು ರೂಪಿಸಿದ್ದು ಆಯಾ ಜಾಗದ ನೀರು.

ಬೆಳೆಗಾರರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಬರುತ್ತದೆ. ನಮ್ಮ ಕಾನೂನುಗಳು, ಪರಿಸರ ವರದಿಗಳು ಪ್ರಾಣಿಯನ್ನು ಲೆಕ್ಕ ಹಾಕುತ್ತವೆ. ಇಷ್ಟು ಜಾತಿ, ಇಷ್ಟು ಸಂಖ್ಯೆ, ಇಲ್ಲಿ ಹೋದರೆ ಅಲ್ಲಿ ಉಳಿದಿದೆ. ಬುಗ್ಗೆಯ ಬಳಿ ಈ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ಉಳಿಸಬೇಕಾದದ್ದು ಮೂರರ ಗಂಟು: ಪ್ರಾಣಿ, ಅದರ ಬ್ಯಾಕ್ಟೀರಿಯಾ, ಆ ಬುಗ್ಗೆಯ ನೀರಿನ ಗುಣ. ಒಂದು ಎಳೆ ಕಿತ್ತರೆ ಮಿಕ್ಕ ಎರಡಕ್ಕೂ ಅರ್ಥವಿಲ್ಲ. ಸಮುದ್ರತಳ ಪ್ರಾಧಿಕಾರದ ನಿಯಮದಲ್ಲಿ ಗಣಿ ಮಾಡುವವರು ಒಂದು ತುಂಡನ್ನು ಮುಟ್ಟದೆ ಹೋಲಿಕೆಗೆ ಬಿಡಬೇಕು ಎಂದಿದೆ. ಒಳ್ಳೆಯದೇ. ಆದರೆ ಕೈರೇಗೆ ಬದಲಾಗಿ ಸಾಲಿಟೇರ್ ಉಳಿಸುತ್ತೇವೆ ಅಂದರೆ ಅದು ಹೋಲಿಕೆ ಆಗುತ್ತದೆಯೇ?

2019ರಲ್ಲಿ ಈ ಬಸವನಹುಳು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಜಾತಿ ಎಂದು ಸೇರಿತು. ಆಳಸಮುದ್ರ ಗಣಿಗಾರಿಕೆಯ ಭಯದಿಂದಲೇ ಆ ಪಟ್ಟಿ ಸೇರಿದ ಮೊದಲ ಪ್ರಾಣಿ ಅದು. ಆಗ ಅದು ಗೊತ್ತಿದ್ದದ್ದು ಮೂರೇ ಬುಗ್ಗೆಗಳಲ್ಲಿ. ಮೂರರಲ್ಲಿ ಎರಡರ ಮೇಲೆ ಅದಿರು ಹುಡುಕುವ ಗುತ್ತಿಗೆ ಇತ್ತು, ಒಂದು ಜರ್ಮನಿಯದು, ಒಂದು ಚೀನಾದ್ದು. ಪ್ರಪಂಚದ ಎಲ್ಲ ಜೀವಂತ ಬುಗ್ಗೆಗಳ ನೆಲ ಸೇರಿಸಿದರೂ ಸುಮಾರು 50 ಚದರ ಕಿಲೋಮೀಟರ್ ಎಂದು ಒಂದು ಅಂದಾಜಿದೆ. ಜಿಲ್ಲೆಯಷ್ಟು ದೊಡ್ಡ ಗುತ್ತಿಗೆಯೊಳಗೆ ಜೀವ ಇರುವ ನೆಲ ಎಷ್ಟು ಚಿಕ್ಕದು ಅಂತ ಇದರಿಂದಲೇ ಊಹಿಸಬಹುದು.

ಗಣಿ ಬೇಕು ಅನ್ನುವವರ ವಾದವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಅವರ ಎರಡು ಮಾತುಗಳು ಗಟ್ಟಿಯಾಗಿವೆ.

ಒಂದು: ಜೀವಂತ ಬುಗ್ಗೆಯನ್ನು ಯಾರೂ ಅಗೆಯಲು ಹೋಗುವುದಿಲ್ಲ, 350 ಡಿಗ್ರಿಯ ಆಮ್ಲದ ನೀರಲ್ಲಿ ಯಂತ್ರ ಬಾಳುವುದಿಲ್ಲ. ಆರಿಹೋದ ಬುಗ್ಗೆಗಳ ದಿಬ್ಬ ಸಾಕು. ನಿಜ. ಆದರೆ ಆರಿದ್ದು ಯಾವುದು, ಸ್ವಲ್ಪ ಕಾಲ ಮಲಗಿದ್ದು ಯಾವುದು ಅಂತ ಗೆರೆ ಎಳೆಯುವುದು ಸುಲಭವಲ್ಲ. ಆರಿದ ದಿಬ್ಬ, ಉರಿಯುವ ಚಿಮಣಿ ಪಕ್ಕಪಕ್ಕದಲ್ಲೇ ಇರುತ್ತವೆ. ಅಗೆಯುವಾಗ ಏಳುವ ಲೋಹದ ದೂಳು ಗುತ್ತಿಗೆಯ ಗಡಿ ನೋಡಿ ನಿಲ್ಲುವುದಿಲ್ಲ. ಕಿವಿರಿನಲ್ಲೇ ಸಂಸಾರ ಹೂಡಿದ ಪ್ರಾಣಿಗಳಿಗೆ ಆ ದೂಳು ಊಟದ ಬಾಗಿಲನ್ನೇ ಮುಚ್ಚಬಹುದು. ಕುದುರೆಮುಖದಲ್ಲೂ ಗಣಿಯ ಗುಂಡಿಗಿಂತ ಜಾಸ್ತಿ ಜಗಳ ಆದದ್ದು ಭದ್ರಾ ನದಿಗೆ ಇಳಿದ ಹೂಳಿನ ಬಗ್ಗೆ.

ಎರಡು: ಬುಗ್ಗೆಗಳು ಜ್ವಾಲಾಮುಖಿಗೇ ಜಗ್ಗುವುದಿಲ್ಲ, ಗಣಿಗೆ ಜಗ್ಗುತ್ತವೆಯೇ? ಇದಕ್ಕೂ ಆಧಾರ ಇದೆ. 1991ರಲ್ಲಿ ಪೂರ್ವ ಶಾಂತಸಾಗರದ ಬೆಟ್ಟಸಾಲಿನಲ್ಲಿ ಲಾವಾ ಉಕ್ಕಿ ಬುಗ್ಗೆಯ ಜೀವಿಗಳೆಲ್ಲ ಸುಟ್ಟುಹೋದವು. ಎರಡು ವರ್ಷದೊಳಗೆ ರಿಫ್ಟಿಯಾ ಮತ್ತೆ ಬಂದು ಒಂದೂವರೆ ಮೀಟರ್ ಬೆಳೆದಿತ್ತು. ಆದರೆ ಆ ಸಾಲು ವರ್ಷಕ್ಕೆ ಸುಮಾರು 11 ಸೆಂಟಿಮೀಟರ್ ಅಗಲವಾಗುತ್ತದೆ. ಅಲ್ಲಿ ಲಾವಾ ಪದೇಪದೇ ಬರುತ್ತದೆ, ಬುಗ್ಗೆಗಳು ಹತ್ತಿರ ಹತ್ತಿರ ಇವೆ, ಪಕ್ಕದಿಂದ ಮರಿಗಳು ತೇಲಿ ಬರುತ್ತವೆ. ನಮ್ಮ ಕಾರ್ಲ್ಸ್‌ಬರ್ಗ್ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್. ನೈರುತ್ಯದ ಸಾಲು ಒಂದೂವರೆಗೆ ಸುಸ್ತು. ನಿಧಾನದ ಸಾಲುಗಳಲ್ಲಿ ಬುಗ್ಗೆಗಳು ದೂರ ದೂರ, ಬಾಳಿಕೆ ದೀರ್ಘ. ಅದಿರಿನ ದಿಬ್ಬ ಅಲ್ಲಿ ದೊಡ್ಡದಾಗಿರುವುದೂ ಇದೇ ಕಾರಣಕ್ಕೆ. ಅಂದರೆ ಗಣಿಗೆ ಲಾಭದ ಜಾಗವೇ ಜೀವಿಗಳಿಗೆ ಮರಳಿ ಬರಲು ಕಷ್ಟದ ಜಾಗ. ಶಾಂತಸಾಗರದ ಉದಾಹರಣೆಯನ್ನು ಹಿಂದೂ ಮಹಾಸಾಗರಕ್ಕೆ ತಂದು ಅಂಟಿಸುವುದು ಸರಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಭಾರತ ಅಲ್ಲಿಗೆ ಹೋಗಲೇಬಾರದು ಎನ್ನುತ್ತೀರಾ ಅಂತ ಕೇಳಬಹುದು. ಹಾಗಲ್ಲ. ಹೋಗಬೇಕು. ಈಗಿನ ಗುತ್ತಿಗೆ ಹುಡುಕಾಟಕ್ಕೆ ಮಾತ್ರ, ಅಗೆಯುವುದಕ್ಕಲ್ಲ. 2024ರ ಡಿಸೆಂಬರ್‌ನಲ್ಲಿ ಚೆನ್ನೈ ಮತ್ತು ಗೋವಾದ ನಮ್ಮ ಎರಡು ಸಂಸ್ಥೆಗಳ ವಿಜ್ಞಾನಿಗಳು ಸೇರಿ 4,500 ಮೀಟರ್ ಆಳದ ಜೀವಂತ ಬುಗ್ಗೆಯ ಚಿತ್ರ ತೆಗೆದರು. 2021ರಲ್ಲಿ ಒಪ್ಪಿಗೆ ಸಿಕ್ಕ 4,077 ಕೋಟಿ ರೂಪಾಯಿಯ ಡೀಪ್ ಓಷನ್ ಮಿಷನ್ ಅಡಿ ಮತ್ಸ್ಯ-6000 ಎಂಬ ನೌಕೆಯನ್ನು ಮೂವರನ್ನು ಆರು ಕಿಲೋಮೀಟರ್ ಆಳಕ್ಕೆ ಒಯ್ಯಲೆಂದೇ ರೂಪಿಸಿದ್ದಾರೆ. ಕೆಲಸ ಎಷ್ಟು ಕಷ್ಟ ಗೊತ್ತಾ? ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಕೂತಲ್ಲಿಂದ ಸೂಚನೆ ಕಳಿಸುತ್ತಾರೆ. ನಾಲ್ಕೂವರೆ ಕಿಲೋಮೀಟರ್ ನೀರಿನ ಕೆಳಗೆ ಆ ರೇಡಿಯೋ ಅಲೆ ಹೋಗುವುದೇ ಇಲ್ಲ, ಶಬ್ದದ ಅಲೆಯಲ್ಲೇ ಮಾತಾಡಬೇಕು. ಗುತ್ತಿಗೆಯ ಹುಡುಕಾಟಕ್ಕೆ ಬರುವ ಹಣ ಇಲ್ಲದಿದ್ದರೆ ನಮ್ಮವರು ಈ ಬುಗ್ಗೆಗಳನ್ನು ನೋಡುವುದೂ ಕಷ್ಟವಿತ್ತು. ಅದನ್ನು ಒಪ್ಪಲೇಬೇಕು.

ನನ್ನ ಆಕ್ಷೇಪ ಇರುವುದು ಕೆಲಸದ ಕ್ರಮದ ಬಗ್ಗೆ. ಕುದುರೆಮುಖದಲ್ಲಿ ಕಂಪನಿ ಶುರುವಾದದ್ದು 1976ರಲ್ಲಿ. ರಾಷ್ಟ್ರೀಯ ಉದ್ಯಾನ ಎಂದು ಘೋಷಣೆ ಆದದ್ದು 1987ರಲ್ಲಿ. ಸುಪ್ರೀಂ ಕೋರ್ಟ್ ತೀರ್ಪು 2002ರಲ್ಲಿ. ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಮೊದಲು ಅಗೆತ, ಆಮೇಲೆ ತಿಳಿವಳಿಕೆ, ಕೊನೆಗೆ ಕೋರ್ಟು. ಕಾಡಿಗೂ ಪೆಟ್ಟು, ಗಣಿ ನಂಬಿದ್ದ ಕೆಲಸಗಾರರಿಗೂ ಪೆಟ್ಟು. ಟೌನ್‌ಶಿಪ್ ಖಾಲಿಯಾದದ್ದನ್ನು ಕಳಸದ ಕಡೆಯವರು ಕಣ್ಣಾರೆ ಕಂಡಿದ್ದಾರೆ. ಪಪುವಾ ನ್ಯೂಗಿನಿಯಲ್ಲೂ ಬೇರೆ ರೀತಿಯಲ್ಲಿ ಇದೇ ಆಯಿತು. ಸೊಲ್ವಾರಾ 1 ಎಂಬ ಬುಗ್ಗೆಯ ಜಾಗವನ್ನು ಅಗೆಯಲು ನಾಟಿಲಸ್ ಎಂಬ ಕಂಪನಿಗೆ 2011ರಲ್ಲಿ ಪರವಾನಗಿ ಕೊಟ್ಟರು, ಸರ್ಕಾರವೂ ದುಡ್ಡು ಹಾಕಿತು. 2019ರಲ್ಲಿ ನಾಟಿಲಸ್ ಕಂಪನಿ ದಿವಾಳಿ ಎದ್ದಿತು. ಅದಿರೂ ಬರಲಿಲ್ಲ, ದುಡ್ಡೂ ಬರಲಿಲ್ಲ.

ಕಡಲಿನ ವಿಷಯದಲ್ಲಿ ಕ್ರಮ ತಿರುಗಿಸಲು ಇನ್ನೂ ಅವಕಾಶ ಇದೆ. ಅಂತರರಾಷ್ಟ್ರೀಯ ಸಮುದ್ರತಳದಲ್ಲಿ ವ್ಯಾಪಾರಕ್ಕಾಗಿ ಅಗೆಯುವ ನಿಯಮಗಳ ಚೌಕಾಸಿ ಕಿಂಗ್‌ಸ್ಟನ್‌ನಲ್ಲಿ ವರ್ಷಗಳಿಂದ ನಡೆದಿದೆ. ಮೂವತ್ತಕ್ಕೂ ಹೆಚ್ಚು ದೇಶಗಳು ಸದ್ಯಕ್ಕೆ ತಡೆಯಿರಿ ಅಂದಿವೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ತನ್ನದೇ ಕಾನೂನಿನಡಿ ಪರವಾನಗಿ ಕೊಡುವ ದಾರಿ ಹಿಡಿಯಿತು, ಅದು ಆ ಪ್ರಾಧಿಕಾರದ ಸದಸ್ಯ ದೇಶವೇ ಅಲ್ಲ. ಈ ಎಳೆದಾಟದಲ್ಲಿ ಎರಡು ಸಲ್ಫೈಡ್ ಗುತ್ತಿಗೆ ಇರುವ ಭಾರತದ ಮಾತಿಗೆ ತೂಕವಿದೆ. ಜೀವಂತ ಬುಗ್ಗೆಗಳನ್ನೂ, ಅಗೆತದ ದೂಳು ಅವುಗಳಿಗೆ ತಾಗುವಷ್ಟು ಹತ್ತಿರದ ನೆಲವನ್ನೂ ಗಣಿಯ ಪಟ್ಟಿಯಿಂದ ಮೊದಲೇ ತೆಗೆದುಬಿಡೋಣ ಎಂದು ನಾವೇ ಹೇಳಬಹುದು. ನಮಗೆ ಅದರಿಂದ ಹೋಗುವ ಅದಿರು ಕಡಿಮೆ.

ಇದನ್ನು ಅಳೆಯಲು ಒಂದು ಗಟ್ಟಿ ಗುರುತೂ ಇದೆ. ಸಲ್ಫೈಡ್ ಗುತ್ತಿಗೆಯ ನಿಯಮದ ಪ್ರಕಾರ ಪಡೆದವರು ಹತ್ತು ವರ್ಷದೊಳಗೆ ಮುಕ್ಕಾಲು ಭಾಗ ಜಾಗವನ್ನು ವಾಪಸ್ ಬಿಟ್ಟುಕೊಡಬೇಕು. 10,000ದಲ್ಲಿ ಉಳಿಯುವುದು 2,500 ಚದರ ಕಿಲೋಮೀಟರ್. ಮುಂದೂಡಿಕೆ ಸಿಗದಿದ್ದರೆ 2016ರ ಗುತ್ತಿಗೆಗೆ ಆ ಗಡುವು 2026ರಲ್ಲಿ, ಗುತ್ತಿಗೆಯೇ ಮುಗಿಯುವುದು 2031ರಲ್ಲಿ. ಯಾವ ಚೌಕಗಳನ್ನು ಇಟ್ಟುಕೊಂಡರು, ಜೀವಂತ ಬುಗ್ಗೆ ಇರುವ ಚೌಕಗಳು ಯಾವ ಕಡೆ ಬಿದ್ದವು, ಮುಟ್ಟದೆ ಬಿಡುವ ತುಂಡಿನ ನೀರಿನ ಗುಣ ಅಗೆಯುವ ತುಂಡಿಗೆ ಹೊಂದುತ್ತದೆಯೇ ಎಂದು ಸಂಸತ್ತಿನಲ್ಲಿ ನಮ್ಮ ಎಂಪಿಗಳು ಕೇಳಬಹುದು. ಹಾಸನ, ಚಿಕ್ಕಮಗಳೂರಿನ ಕಡೆಯವರೇ ಕೇಳಿದರೆ ಇನ್ನೂ ಒಳ್ಳೆಯದು.